ಬೆಂಗಳೂರು ಪೇಟೆ: ಕಾಲ್ನಡಿಗೆಯ ಓದು ಮತ್ತು ಸ್ಥಳನಾಮಗಳ ಸಾಕ್ಷ್ಯ

ನಗರವೊಂದರ ಚರಿತ್ರೆಯನ್ನು ಶಾಸನ, ಕಡತ, ಗ್ಯಾಸೆಟಿಯರ್‌ಗಳಲ್ಲಿ ಅರಸುವುದು ಸಂಶೋಧನೆಯ ರೂಢಿ. ಈ ಆಕರಗಳ ಮಹತ್ವ ನಿರ್ವಿವಾದ. ಆದರೆ ಬೀದಿಯ ಅಗಲ, ನೆಲದ ಇಳಿಜಾರು, ಎರಡು ಹೆಸರುಗಳ ನಡುವಣ ಅಂತರ ಮೊದಲಾದ ಸಾಕ್ಷ್ಯಗಳು ಆ ಜಾಗದಲ್ಲಿ ನಡೆದವರಿಗೆ ಮಾತ್ರ ದಕ್ಕುತ್ತವೆ. ಸ್ಥಳನಾಮ ಅಧ್ಯಯನಕ್ಕೆ ಕಾಲ್ನಡಿಗೆಯು ಹೇಗೆ ಒಂದು ವಿಧಾನವಾಗಬಲ್ಲುದು ಎಂಬುದಕ್ಕೆ ಬೆಂಗಳೂರಿನ ಹಳೆಯ ಪೇಟೆ ಉತ್ತಮ ನಿದರ್ಶನ.

ಕೆಂಪೇಗೌಡನು 1537ರಲ್ಲಿ ಕಟ್ಟಿಸಿದನೆನ್ನಲಾಗುವ ಈ ಪೇಟೆಗೆ ಎರಡು ಬೀದಿಗಳೇ ಬೆನ್ನೆಲುಬು: ಉತ್ತರ ದಕ್ಷಿಣವಾಗಿ ಸಾಗುವ ದೊಡ್ಡಪೇಟೆ ಮತ್ತು ಅದನ್ನು ಅಡ್ಡಹಾಯುವ ಚಿಕ್ಕಪೇಟೆ. ದಕ್ಷಿಣಕ್ಕೆ ಕೋಟೆ, ಪೇಟೆಯ ಸುತ್ತ ಕಂದಕ ಮತ್ತು ಮುಳ್ಳುಬೇಲಿ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೇನೆ ಪೇಟೆಯನ್ನೂ ಅದೇ ತಿಂಗಳ 21ರಂದು ಕೋಟೆಯನ್ನೂ ವಶಪಡಿಸಿಕೊಂಡಿತು. ಇಂದು ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯವರೆಗೆ ಹಳೆಯ ದೊಡ್ಡಪೇಟೆಯನ್ನು ಅರ್ಧ ಗಂಟೆಯೊಳಗೆ ನಡೆದು ಮುಗಿಸಬಹುದು. ಇದು ತಲೆಹೊರೆಯವರ ಮತ್ತು ಹೇರೆತ್ತುಗಳ ನಡಿಗೆಗೆ ಹೊಂದಿಕೊಂಡು ಬೆಳೆದ ಊರು ಎಂಬುದು ನಕ್ಷೆಗಿಂತ ಮೊದಲು ಕಾಲಿಗೆ ತಿಳಿಯುತ್ತದೆ.

ಮರೆಯಾದ ರಚನೆಗಳನ್ನು ಹೆಸರುಗಳು ಉಳಿಸಿಕೊಂಡಿರುವ ಬಗೆ ಇಲ್ಲಿ ಗಮನಾರ್ಹ. ಹಲಸೂರು ಗೇಟ್ ಪೊಲೀಸ್ ಠಾಣೆಯು ಹಲಸೂರಿನಲ್ಲಿಲ್ಲ, ಅಲ್ಲಿಂದ ಬಹುದೂರದಲ್ಲಿ ಪೇಟೆಯ ಅಂಚಿನಲ್ಲಿದೆ. ಹಲಸೂರಿನ ಕಡೆಗೆ ತೆರೆದುಕೊಳ್ಳುತ್ತಿದ್ದ ಪೇಟೆಯ ಬಾಗಿಲು ಅಳಿದಿದೆ, ಹೆಸರು ಉಳಿದಿದೆ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದ್ದರೂ ಪಕ್ಕದ ಟ್ಯಾಂಕ್ ಬಂಡ್ ರಸ್ತೆಯ ಹೆಸರು ಕೆರೆಯ ಏರಿಯನ್ನು ನೆನಪಿಸುತ್ತದೆ. ಪೇಟೆಯ ಕಡೆಯಿಂದ ನಿಲ್ದಾಣದತ್ತ ನಡೆಯುವವರಿಗೆ ನೆಲ ತಗ್ಗಾಗುತ್ತ ಹೋಗುವುದು ಈ ಹೆಸರಿಗೆ ಪೂರಕವಾದ ಸಾಕ್ಷ್ಯ.

ಪೇಟೆಯ ಒಳಗಣ ಹೆಸರುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಕುಂಬಾರಪೇಟೆ, ಗಾಣಿಗರಪೇಟೆ, ನಗರ್ತಪೇಟೆ, ತಿಗಳರಪೇಟೆಗಳು ಸಮುದಾಯಸೂಚಕಗಳು. ಅಕ್ಕಿಪೇಟೆ, ಬಳೇಪೇಟೆಗಳು ಸರಕುಸೂಚಕಗಳು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ನ ಹೆಸರು ಹೊತ್ತ ಕಬ್ಬನ್‌ಪೇಟೆ ವ್ಯಕ್ತಿಸೂಚಕ. ಕಾಟನ್‌ಪೇಟೆಯಲ್ಲಿ ಇಂಗ್ಲಿಷ್ ಪದವೇ ಪೂರ್ವಪದವಾಗಿದೆ. ಪೂರ್ವಪದ ಯಾವ ನುಡಿಯದಾದರೂ ಉತ್ತರಪದವಾದ 'ಪೇಟೆ' ಅದನ್ನು ಕನ್ನಡದ ಸಮಾಸವಾಗಿಸಿಕೊಳ್ಳುತ್ತದೆ. ಹಲವು ನುಡಿಗಳ ವ್ಯಾಪಾರಿಗಳು ನೆಲೆಸಿದ ಈ ಪ್ರದೇಶದಲ್ಲಿ ಕನ್ನಡವು ವಹಿಸಿದ ಪಾತ್ರವನ್ನು ಈ ಒಂದು ಪದದಲ್ಲಿಯೇ ಗುರುತಿಸಬಹುದು.

ತರಗುಪೇಟೆಯ ಉದಾಹರಣೆ ಇನ್ನೂ ಸೂಕ್ಷ್ಮವಾದುದು. ಇಂದಿನ ಕನ್ನಡ ಓದುಗನಿಗೆ 'ತರಗು' ಎಂದೊಡನೆ ನೆನಪಾಗುವುದು ಒಣಗಿದ ಎಲೆ. ಆದರೆ ಇದು ದವಸಧಾನ್ಯಗಳ ಸಗಟು ವ್ಯಾಪಾರದ ನೆಲೆ. ದಳ್ಳಾಳಿಕೆ ಎಂಬ ಅರ್ಥದಲ್ಲಿ 'ತರಗು' ಶಬ್ದ ತಮಿಳಿನಲ್ಲಿ ಇಂದಿಗೂ ಬಳಕೆಯಲ್ಲಿದೆ. ಮೂಟೆಗಳ ಸಾಲು, ಮಂಡಿಗಳು, ಹಮಾಲರ ಓಡಾಟವನ್ನು ಕಂಡವರಿಗೆ ಎರಡನೆಯ ಅರ್ಥವೇ ಸಹಜವೆನಿಸುತ್ತದೆ. ನಿಘಂಟು ಕೊಡುವ ಎರಡು ಅರ್ಥಗಳಲ್ಲಿ ಯಾವುದು ಹೊಂದುತ್ತದೆ ಎಂಬುದಕ್ಕೆ ಬೀದಿಯೇ ಇಲ್ಲಿ ಸಾಕ್ಷಿ ಹೇಳುತ್ತದೆ.

ಆದರೆ ಕಣ್ಣಿಗೆ ಕಂಡದ್ದನ್ನೂ ಕಿವಿಗೆ ಬಿದ್ದದ್ದನ್ನೂ ಹಾಗೆಯೇ ಒಪ್ಪುವಂತಿಲ್ಲ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳೆಂಬ ಕಥೆ ಬೆಂಗಳೂರಿನ ಹೆಸರಿಗೆ ಕಾರಣವೆಂದು ಜನಜನಿತವಾಗಿದೆ. ಬಲ್ಲಾಳನು ಹನ್ನೆರಡನೆಯ ಶತಮಾನದವನು, ಸುಮಾರು ಕ್ರಿ.ಶ. 890ರ ಬೇಗೂರು ಶಾಸನದಲ್ಲಿಯೇ ಈ ಹೆಸರು ಕಾಣಿಸಿಕೊಂಡಿದೆ. ಅಂತೆಯೇ ಬಳೇಪೇಟೆಯಲ್ಲಿ ಈಗ ಎದ್ದುಕಾಣುವುದು ಸಂಗೀತವಾದ್ಯಗಳ ಅಂಗಡಿಗಳು. ಹೆಸರಿಗೂ ಕಸುಬಿಗೂ ನಡುವಿನ ಈ ಬಿರುಕನ್ನು ದೋಷವೆಂದು ತಳ್ಳದೆ, ಕಸುಬುಗಳ ಸ್ಥಾನಪಲ್ಲಟದ ದಾಖಲೆಯೆಂದು ಪರಿಗಣಿಸಬೇಕು. ನಡಿಗೆ ಪ್ರಶ್ನೆಯನ್ನು ಎತ್ತುತ್ತದೆ, ಲಿಖಿತ ಆಕರ ಅದನ್ನು ಒರೆಗೆ ಹಚ್ಚುತ್ತದೆ.

ಪೇಟೆಯನ್ನು ನಡೆದು ಓದುವ ಕ್ರಮ ಸಂಶೋಧಕರು ಕಂಡುಹಿಡಿದದ್ದೇನೂ ಅಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ಕರಗವು ಪೇಟೆಯ ಬೀದಿಗಳನ್ನು ಸುತ್ತಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಭೇಟಿ ನೀಡುತ್ತದೆ. ವೀರಕುಮಾರರ ಕಾಲುಗಳಲ್ಲಿ ಪೇಟೆಯ ನಕ್ಷೆ ವರ್ಷಕ್ಕೊಮ್ಮೆ ಮರುಬರೆಯಲ್ಪಡುತ್ತದೆ. ಈ ಆಚರಣೆಗೆ ಸಂಬಂಧಿಸಿದ ಸಂಪಂಗಿ ಕೆರೆಯ ಬಹುಭಾಗ ಕಂಠೀರವ ಕ್ರೀಡಾಂಗಣವಾಗಿದ್ದು, ಸಣ್ಣ ಕೊಳವೊಂದು ಉಳಿದಿದೆ. ಬತ್ತಿದ ಕೆರೆಯ ನೆನಪನ್ನು ಕರಗ ಕಾಪಾಡಿಕೊಂಡು ಬಂದಿದೆ.

1898ರ ಪ್ಲೇಗಿನ ಹಿನ್ನೆಲೆಯಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಲ್ಲಿ ವಿಳಾಸವನ್ನು ಹೆಚ್ಚಾಗಿ ಹೇಳುವುದು ಮುಖ್ಯರಸ್ತೆ, ಅಡ್ಡರಸ್ತೆಗಳ ಸಂಖ್ಯೆ. ಸಂಖ್ಯೆಗೆ ಅನುಕೂಲವಿದೆ, ಸ್ಮೃತಿಯಿಲ್ಲ. ಪೇಟೆಯಲ್ಲಿ ವಿಳಾಸ ಹೇಳುವುದೆಂದರೆ ಒಂದು ಕಸುಬನ್ನೋ ಸಮುದಾಯವನ್ನೋ ಹೆಸರಿಸುವುದು. ಆದರೆ ದೊಡ್ಡಪೇಟೆಯೇ ಇಂದು ಅವೆನ್ಯೂ ರಸ್ತೆ. 2017ರಲ್ಲಿ ಆರಂಭವಾದ ಮೆಟ್ರೊ ನಿಲ್ದಾಣದಿಂದ ಚಿಕ್ಕಪೇಟೆಯ ಹೆಸರು ನಗರದಾದ್ಯಂತ ಕೇಳಿಸುತ್ತಿರುವಾಗ, ಅದಕ್ಕೆ 'ಚಿಕ್ಕ' ಎಂಬ ವಿಶೇಷಣ ಬರಲು ಕಾರಣವಾದ ದೊಡ್ಡಪೇಟೆ ಬಳಕೆಯಿಂದ ಹಿಂದೆ ಸರಿದಿದೆ. ಜೋಡಿಯ ಒಂದು ಪದ ಜಾರಿದರೆ ಇನ್ನೊಂದರ ಅರ್ಥವೂ ಕುಂದುತ್ತದೆ.

ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 9ನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಕಲ್ಲಿನ ಬರಹ ಹೀಗೆ ಭದ್ರವಾಯಿತು. ಬಾಯಿಯ ಮಾತಿಗೆ ಅಂತಹ ಸಂಪುಟದ ಅಗತ್ಯ ಉಳಿದೇ ಇದೆ. ಮಂಡಿಯವರು, ಹಮಾಲರು, ಕಬ್ಬನ್‌ಪೇಟೆಯ ನೇಕಾರರು ಗಲ್ಲಿಗಳನ್ನು ಕರೆಯುವ ಹೆಸರುಗಳೂ ಅವುಗಳ ಉಚ್ಚಾರಣೆಯೂ ನಾಮಫಲಕಗಳಲ್ಲಿ ಸಿಗುವಂಥವಲ್ಲ. ಹಳೆಯ ಮನೆಗಳು ಉರುಳಿ ಬಹುಮಹಡಿ ಮಳಿಗೆಗಳು ಏಳುತ್ತಿರುವ ಪೇಟೆಯಲ್ಲಿ ಆ ಹೆಸರುಗಳನ್ನು ಬಲ್ಲವರು ಚದುರುತ್ತಿದ್ದಾರೆ. ಕನ್ನಡ ವಿಭಾಗಗಳು ವಿದ್ಯಾರ್ಥಿಗಳನ್ನು ಒಂದೊಂದು ಬೀದಿಗೆ ಕಳುಹಿಸಿ ಈ ರೂಪಗಳನ್ನು ದಾಖಲಿಸಿದರೆ, ನುಡಿಯ ಚರಿತ್ರೆಗೂ ನಗರದ ಚರಿತ್ರೆಗೂ ಒಂದೇ ನಡಿಗೆಯಲ್ಲಿ ಆಕರ ಒದಗುತ್ತದೆ.