ಮಕ್ಕಳಿಗೆ ಈಜು: ಎಲ್ಲಿ, ಯಾರಿಂದ, ಎಷ್ಟು?

ಬೇಸಿಗೆಯ ರಜೆ ಬಂದಿತೆಂದರೆ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. “ಮಗುವಿಗೆ ಈಜು ಕಲಿಸೋಣವೆ? ಎಲ್ಲಿ ಕಲಿಸೋಣ? ಯಾರ ಕೈಗೆ ಒಪ್ಪಿಸೋಣ?” ನನ್ನ ಮೇಷ್ಟರಗಿರಿಯ ಮೂವತ್ತು ವರ್ಷಗಳಲ್ಲಿ ಎಷ್ಟೋ ತಾಯಿತಂದೆಯರು ನನ್ನನ್ನು ಹೀಗೆ ಕೇಳಿದ್ದಾರೆ. ಕನ್ನಡ ಪಂಡಿತನಿಗೂ ಈಜಿಗೂ ಏನು ಸಂಬಂಧವೆಂದು ನೀವು ನಗಬಹುದು. ಆ ಸಂಬಂಧವನ್ನು ಗಂಟುಹಾಕಿದ್ದು ಒಂದು ದುಃಖದ ಪ್ರಸಂಗ. ಅದನ್ನು ಮುಂದೆ ಹೇಳುತ್ತೇನೆ.

ಹಿಂದೆ ನಮ್ಮ ಸೀಮೆಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ತೋಟದ ಕಪಿಲೆ ಬಾವಿಯೇ ಪಾಠಶಾಲೆ, ಸೋದರಮಾವನೇ ಗುರು. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳಲ್ಲಿ ನಾರಿನ ಪಟ್ಟೆಯನ್ನು ಎಬ್ಬಿಸಿ, ಒಂದಕ್ಕೊಂದು ಗಂಟುಹಾಕಿ, ಎದೆಯ ಕೆಳಗೆ ಕೊಟ್ಟು ನೀರಿಗೆ ಬಿಡುತ್ತಿದ್ದರು. ಕೆಲವರಿಗೆ ಸೋರೆಬುರುಡೆ, ಕೆಲವರಿಗೆ ಕತ್ತಾಳೆಯ ಬೆಂಡು, ಆಮೇಲಿನ ಕಾಲದವರಿಗೆ ಬೆನ್ನಿಗೆ ಕಟ್ಟಿದ ಡಬ್ಬ. ವಸ್ತು ಬೇರೆಯಾದರೂ ತತ್ತ್ವ ಒಂದೇ. ಒಂದು ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆಯೋ ಅಷ್ಟು ನೀರಿನ ತೂಕದ ಬಲದಿಂದ ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ಒಣಗಾಯಿಯ ನಾರಿನಲ್ಲಿ ಗಾಳಿ ತುಂಬಿರುವುದರಿಂದ ಅದು ಹಗುರ. ಎದೆ ತುಂಬ ಉಸಿರೆಳೆದುಕೊಂಡ ಮನುಷ್ಯನ ಮೈಯೂ ನೀರಿನಷ್ಟೇ ಹಗುರವಾದುದು. ಕಾಯಿ ಕೊಡುತ್ತಿದ್ದುದು ಆ ಸ್ವಲ್ಪ ಹೆಚ್ಚಿನ ಆಸರೆಯನ್ನು ಮತ್ತು ಅದಕ್ಕಿಂತ ಹೆಚ್ಚಾಗಿ ಧೈರ್ಯವನ್ನು.

ಈಗ ಆ ಬಾವಿಗಳು ಎಲ್ಲಿ? ಕೊಳವೆಬಾವಿಗಳು ಬಂದು ಅಂತರ್ಜಲ ಇಳಿದು ತೆರೆದ ಬಾವಿಗಳು ಬತ್ತಿದವು. ಸೋದರಮಾವಂದಿರು ಬೆಂಗಳೂರು ಸೇರಿದರು. ಹೀಗೆ ಒಂದು ತಲೆಮಾರು ಈಜು ಕಲಿಯದೆಯೇ ದೊಡ್ಡದಾಯಿತು. ನೀರು ಮಾತ್ರ ಬೇರೆ ರೂಪದಲ್ಲಿ ಮರಳಿ ಬಂದಿದೆ. ಗೊರೂರಿನಿಂದ ಹೊರಟ ಹೇಮಾವತಿ ನಾಲೆ ನಮ್ಮ ಸೀಮೆಯಲ್ಲಿ ಹರಿಯುತ್ತದೆ. 2014ರ ಸುಮಾರಿಗೆ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಕಾಲದಿಂದ ಹೊಲತೋಟಗಳಲ್ಲಿ ಕೃಷಿ ಹೊಂಡಗಳು ಎದ್ದಿವೆ. 2022ರ ಮಳೆಗಾಲದಲ್ಲಿ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಪಟ್ಟಣದ ಮನೆಮನೆಯಲ್ಲೂ ನೆಲದೊಳಗೆ ನೀರಿನ ಸಂಪು ಇದೆ. ನೀರು ಹತ್ತಿರ ಬಂದಿದೆ, ವಿದ್ಯೆ ದೂರ ಹೋಗಿದೆ. ಅಪಾಯವಿರುವುದು ಇಲ್ಲಿಯೇ.

ಇನ್ನು ಆ ಪ್ರಸಂಗ. ನನ್ನ ತರಗತಿಯಲ್ಲಿ ಎಂಟನೆಯ ಇಯತ್ತೆಯ ಒಬ್ಬ ಹುಡುಗನಿದ್ದ. ಒಂದು ಬೇಸಿಗೆಯಲ್ಲಿ ಡಬ್ಬ ಕಟ್ಟಿಕೊಂಡು ಈಜಾಡಿ, “ಸಾರ್, ನನಗೆ ಈಜು ಬರುತ್ತದೆ” ಎಂದು ಹೇಳಿಕೊಂಡಿದ್ದ. ಒಂದು ಭಾನುವಾರ ಗೆಳೆಯರೊಡನೆ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡದ ಬಳಿಗೆ ಹೋದ. ಇಳಿದ, ನಾಲ್ಕು ಕೈ ಹೊಡೆದ, ದಡಕ್ಕೂ ಬಂದ. ಆದರೆ ಆ ಹಾಳೆ ಪಾಚಿ ಹಿಡಿದು ಜಾರುತ್ತಿತ್ತು. ಹಿಡಿಯಲು ಹಗ್ಗವಿಲ್ಲ, ಕಾಲೂರಲು ಮೆಟ್ಟಿಲಿಲ್ಲ. ಮೇಲೆ ನಿಂತ ಗೆಳೆಯರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಗೆರೆ ಎಳೆಯುವಾಗ ನನ್ನ ಕೈ ನಡುಗಿತು. ಆ ಹುಡುಗ ಹೇಳಿದ್ದು ಸುಳ್ಳಲ್ಲ. ಅವನಿಗೆ ಈಜು ಬರುತ್ತಿತ್ತು. ನೀರಿನಿಂದ ಹೊರಗೆ ಬರುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಆದುದರಿಂದ ಗುರುವನ್ನು ಆರಿಸುವ ಮೊದಲು ‘ಈಜು ಬರುತ್ತದೆ’ ಎಂಬ ಮಾತಿನ ಅರ್ಥವನ್ನು ನಾವು ತಿಳಿದುಕೊಳ್ಳಬೇಕು. ಆಕಸ್ಮಿಕವಾಗಿ ನೀರಿಗೆ ಬಿದ್ದ ಮಗು ಮೇಲಕ್ಕೆ ಬರಬೇಕು, ಅಂಗಾತ ತೇಲಿ ಉಸಿರಾಡಬೇಕು, ದಡ ಯಾವ ಕಡೆ ಇದೆಯೆಂದು ನೋಡಿ ತಿರುಗಬೇಕು, ಅಲ್ಲಿಯವರೆಗೆ ಸಾಗಬೇಕು, ಹಿಡಿದು ಹತ್ತಬೇಕು. ಈ ಐದೂ ಆದರೆ ಮಾತ್ರ ಈಜು ಬರುತ್ತದೆ ಎನ್ನಬಹುದು. ಕೈ ಬೀಸುವ ಅಂದಚೆಂದ, ಓಟದ ವೇಗ ಇವೆಲ್ಲ ಆಮೇಲಿನ ಅಲಂಕಾರ. ವ್ಯಾಕರಣ ತಿಳಿಯದವನಿಗೆ ಛಂದಸ್ಸನ್ನು ಹೇಳಿಕೊಡುವುದುಂಟೆ?

ನಮ್ಮ ನೆರೆಯ ಬಾಂಗ್ಲಾದೇಶ ನಮ್ಮ ಸೀಮೆಗಿಂತಲೂ ಕೆರೆಕುಂಟೆಗಳು ತುಂಬಿದ ನಾಡು. ಅಲ್ಲಿ ‘ಸ್ವಿಮ್‌ಸೇಫ್’ ಎಂಬ ಹೆಸರಿನಲ್ಲಿ ಹಳ್ಳಿಯ ಕೊಳದೊಳಗೇ ಬಿದಿರಿನ ಅಟ್ಟಣೆ ಕಟ್ಟಿ, ಮಕ್ಕಳಿಗೆ ಕಾಲು ನಿಲುಕುವಂತೆ ಮಾಡಿ ಕಲಿಸುತ್ತಾರೆ. ನಾಲ್ಕು ವರ್ಷ ತುಂಬಿದ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. 25 ಮೀಟರ್ ಈಜುವುದು ಮತ್ತು 30 ಸೆಕೆಂಡು ನೀರಿನ ಮೇಲೆ ನಿಲ್ಲುವುದು ಅಲ್ಲಿಯ ಪರೀಕ್ಷೆ. ಹೀಗೆ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವವರ ಸಂಖ್ಯೆ ಬಹಳವಾಗಿ ಇಳಿಯಿತೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ದುಬಾರಿಯಾದ ಈಜುಕೊಳವಿಲ್ಲದೆಯೂ ಒಳ್ಳೆಯ ಪಾಠ ಸಾಧ್ಯವೆಂಬುದಕ್ಕೆ ಇದು ನಿದರ್ಶನ.

ಯಾವ ವಯಸ್ಸಿನಲ್ಲಿ ಆರಂಭಿಸಬೇಕು? ಒಂದು ವರ್ಷದೊಳಗಿನ ಕೂಸಿಗೆ ಈಜಿನ ಪಾಠದಿಂದ ರಕ್ಷಣೆ ದೊರೆಯುತ್ತದೆಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಒಂದರಿಂದ ನಾಲ್ಕರವರೆಗಿನ ಮಕ್ಕಳು ತಾಯಿಯ ಅಥವಾ ತಂದೆಯ ತೋಳಿನಲ್ಲೇ ನೀರಿನ ಪರಿಚಯ ಮಾಡಿಕೊಳ್ಳಬಹುದು. ನಾಲ್ಕು ತುಂಬಿದ ಮೇಲೆ ಬಹುಪಾಲು ಮಕ್ಕಳು ಕ್ರಮವಾದ ಪಾಠಕ್ಕೆ ಸಿದ್ಧರಾಗಿರುತ್ತಾರೆ. ಶಾಲೆಗೆ ಹೋಗುವ ಆರು ವರ್ಷದ ಮಗುವಿಗಂತೂ ಈಜು ಮತ್ತು ನೀರಿನ ಎಚ್ಚರವನ್ನು ಕಲಿಸಲೇಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾಲ್ಕರ ಮಗು ಕಲಿಯಲಿಲ್ಲವೆಂದು ಅವಸರಪಡಬೇಡಿ. ಹತ್ತರ ಮಗುವಿಗೆ ತಡವಾಯಿತೆಂದು ಬಿಟ್ಟುಬಿಡಲೂಬೇಡಿ.

ಕಲಿಸುವವರ ಬಳಿಗೆ ಮಗುವನ್ನು ಕರೆದೊಯ್ಯುವ ಮುನ್ನ ನೀವೊಬ್ಬರೇ ಒಂದು ದಿನ ಹೋಗಿ ಕುಳಿತು ನೋಡಿ. ಅದು ಜಿಲ್ಲಾ ಕೇಂದ್ರದ ಈಜುಕೊಳವಾಗಿರಲಿ, ಬೆಂಗಳೂರಿನ ನಂಟರ ಮನೆಯ ಹತ್ತಿರದ ಬೇಸಿಗೆ ಶಿಬಿರವಾಗಿರಲಿ, ಊರ ಹೊರಗಿನ ತೋಟದ ಬಾವಿಯಾಗಿರಲಿ, ಗಮನಿಸಬೇಕಾದ ಅಂಶಗಳು ಒಂದೇ.

ಮೊದಲನೆಯದು, ಗುರು ಎಲ್ಲಿ ನಿಂತಿದ್ದಾನೆ? ಚಿಕ್ಕ ಮಕ್ಕಳ ಪಾಠದಲ್ಲಿ ಗುರುವೂ ನೀರಿನಲ್ಲಿ ಇರಬೇಕು, ಕೈ ಚಾಚಿದರೆ ಮಗು ಸಿಗುವಷ್ಟು ಹತ್ತಿರದಲ್ಲಿರಬೇಕು. ದಡದ ಮೇಲೆ ನಿಂತು ಸೀಟಿ ಊದುತ್ತ, ನಡುನಡುವೆ ದೂರವಾಣಿ ನೋಡುವವನು ಎಷ್ಟು ಪದಕ ಗೆದ್ದವನಾದರೂ ನಿಮ್ಮ ಮಗುವಿಗೆ ಬೇಡ. ಎರಡನೆಯದು, ಒಬ್ಬನ ಕೈಕೆಳಗೆ ಎಷ್ಟು ಮಕ್ಕಳು? ಆರೇಳು ವರ್ಷದೊಳಗಿನವರು ಐದಾರು ಮಂದಿಯನ್ನು ಮೀರಿದರೆ ಅವನ ಕಣ್ಣು ಎಲ್ಲರ ಮೇಲೂ ಇರಲಾರದು. ಮೂರನೆಯದು, ಆಳ ಎಷ್ಟು? ಕಲಿಯುವ ಮಗುವಿಗೆ ಎದೆಮಟ್ಟದ ನೀರಿನಲ್ಲಿ ನಿಲ್ಲುವ ಸ್ಥಳವಿರಬೇಕು. ನಮ್ಮ ಹಳೆಯ ಬಾವಿಗಳ ದೊಡ್ಡ ದೋಷ ಇದೇ. ಅಲ್ಲಿ ಮೊದಲ ಹೆಜ್ಜೆಯೇ ಪಾತಾಳ. ನಾಲ್ಕನೆಯದು, ನೀರು ಹೇಗಿದೆ? ಕೊಳದ ತಳ ಮೇಲಿನಿಂದ ಸ್ಪಷ್ಟವಾಗಿ ಕಾಣಬೇಕು. ತಳ ಕಾಣದ ನೀರಿನಲ್ಲಿ ಮುಳುಗಿದ ಮಗುವೂ ಕಾಣುವುದಿಲ್ಲ. ನಿಂತು ಕೊಳೆತ ಕಟ್ಟೆಯ ನೀರು ಇಲಿಜ್ವರವೇ ಮೊದಲಾದ ರೋಗಗಳಿಗೂ ಮನೆ.

ಐದನೆಯದು, ಮಗುವನ್ನು ಹೇಗೆ ನೀರಿಗೆ ಇಳಿಸುತ್ತಾರೆ? “ಎತ್ತಿ ಎಸೆದರೆ ತಾನಾಗಿ ಕಲಿಯುತ್ತಾನೆ” ಎಂಬ ಮಾತು ನಮ್ಮ ಕಡೆ ಇನ್ನೂ ಉಂಟು. ಹಾಗೆ ಎಸೆದ ಮಕ್ಕಳಲ್ಲಿ ಕಲಿತವರನ್ನು ಮಾತ್ರ ನಾವು ಕಾಣುತ್ತೇವೆ. ಜನ್ಮವಿಡೀ ನೀರಿಗೆ ಹೆದರಿ ದೂರ ನಿಂತವರು ಲೆಕ್ಕಕ್ಕೆ ಬರುವುದಿಲ್ಲ. ಒಳ್ಳೆಯ ಗುರು ಮೊದಲ ದಿನ ಮುಖ ತೊಳೆಸುತ್ತಾನೆ, ನೀರಿನಲ್ಲಿ ಬಾಯಿಟ್ಟು ಗುಳ್ಳೆ ಊದಿಸುತ್ತಾನೆ, ಅಂಗೈ ಆಸರೆಯ ಮೇಲೆ ಅಂಗಾತ ಮಲಗಿಸುತ್ತಾನೆ. ಅಳುವ ಮಗುವಿಗೆ ಗದರಿಸದೆ ಕಾಯುತ್ತಾನೆ. ಬೆಂಗಳೂರಿನ ನಿಶಾ ಮಿಲ್ಲೆಟ್ ಅವರು ಚಿಕ್ಕಂದಿನಲ್ಲಿ ಮುಳುಗುವ ಅಪಾಯದಿಂದ ಪಾರಾದವರು. ಆ ಭಯವನ್ನು ಗೆದ್ದು ಈಜು ಕಲಿತು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಈಜಿದರು. ಭಯಪಟ್ಟ ಮಗು ದಡ್ಡ ಮಗುವಲ್ಲ. “ಹತ್ತು ದಿನಗಳಲ್ಲಿ ಈಜು ಖಂಡಿತ” ಎಂಬ ಫಲಕವನ್ನು ಕಂಡು ಮರುಳಾಗಬೇಡಿ. ಮಗುವಿನಿಂದ ಮಗುವಿಗೆ ದಿನಗಳು ಬೇರೆ.

ತೆಂಗಿನಕಾಯಿ, ಡಬ್ಬ, ತೋಳಿಗೆ ಹಾಕುವ ಗಾಳಿಚೀಲಗಳ ಬಗ್ಗೆ ಒಂದು ಮಾತು. ಇವು ಕಲಿಕೆಯ ಊರುಗೋಲುಗಳೇ ಹೊರತು ಜೀವರಕ್ಷಕಗಳಲ್ಲ. ಕಾಯಿಯ ಗಂಟು ಬಿಚ್ಚಬಹುದು, ಗಾಳಿಚೀಲ ತೂತಾಗಬಹುದು. ಎದೆಯ ಕೆಳಗಿದ್ದ ಕಾಯಿ ಸೊಂಟದ ಕೆಳಕ್ಕೆ ಜಾರಿದರೆ ಕಾಲು ಮೇಲಾಗಿ ತಲೆ ಕೆಳಗಾಗುತ್ತದೆ. ಡಬ್ಬದೊಡನೆ ಈಜಿದ ಮಗು ತನಗೆ ಈಜು ಬಂದಿತೆಂದು ನಂಬುತ್ತದೆ. ಮೇಲೆ ಹೇಳಿದ ಹುಡುಗನಿಗೂ ಆ ನಂಬಿಕೆಯಿತ್ತು. ಆದ್ದರಿಂದ ಪ್ರತಿದಿನದ ಪಾಠದಲ್ಲೂ ಸ್ವಲ್ಪ ಹೊತ್ತು ಗುರುವಿನ ಕೈಯಳತೆಯೊಳಗೆ ಆಸರೆಯಿಲ್ಲದೆ ತೇಲಿಸಬೇಕು.

ಪಾಠ ಮುಗಿಯಿತೆಂದು ಹೇಳಿದಾಗ ನೀವೇ ಪರೀಕ್ಷೆ ಮಾಡಿಸಿ. ನಾಲೆಗಳ ನಾಡಾದ ನೆದರ್ಲೆಂಡ್ಸ್‌ನಲ್ಲಿ ಮಕ್ಕಳು ಈಜಿನ ಮೊದಲ ಪ್ರಮಾಣಪತ್ರ ಪಡೆಯಬೇಕಾದರೆ ಬಟ್ಟೆ, ಪಾದರಕ್ಷೆ ತೊಟ್ಟು ಈಜಿ ತೋರಿಸಬೇಕು. ಈಜುಡುಗೆ ತೊಟ್ಟು ಯಾರೂ ನಾಲೆಗೆ ಬೀಳುವುದಿಲ್ಲವಷ್ಟೆ! ಗುರು ಪಕ್ಕದಲ್ಲಿರುವಾಗಲೇ ನಿಮ್ಮ ಮಗನನ್ನು ಶಾಲೆಯ ಅಂಗಿಚಡ್ಡಿಯಲ್ಲಿ, ಮಗಳನ್ನು ಲಂಗದಲ್ಲಿ ಒಮ್ಮೆ ಇಳಿಸಿ ನೋಡಿ. ಮಗಳ ಮಾತು ಬೇಕೆಂದೇ ಹೇಳಿದೆ. ಬಟ್ಟೆ ಒಗೆಯಲು, ಕೊಡ ತುಂಬಲು ನೀರಿನ ಅಂಚಿಗೆ ಹೋಗುವವರು ಹೆಣ್ಣುಮಕ್ಕಳು; ಈಜು ಕಲಿಸುವಾಗ ಮಾತ್ರ ಅವರನ್ನು ಮನೆಯಲ್ಲಿ ಬಿಡುವುದು ನ್ಯಾಯವಲ್ಲ. ಹೆಂಗಸರೇ ಕಲಿಸುವ ವೇಳೆಯಿದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ನಾಲ್ಕಾರು ತಾಯಂದಿರು ಸೇರಿ ಕೇಳಿ.

ನೀರಿನೊಳಗೆ ಉಸಿರು ಕಟ್ಟುವ ಪಂದ್ಯವನ್ನು ಮಾತ್ರ ನಿಷೇಧಿಸಿ. ಜಲಸ್ತಂಭನ ವಿದ್ಯೆ ಬಲ್ಲ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ ಕಥೆಯನ್ನು ನಾನು ತರಗತಿಯಲ್ಲಿ ಹೇಳುತ್ತೇನೆ; ಕೂಡಲೇ ಆ ವಿದ್ಯೆ ನಮಗಾರಿಗೂ ಬಾರದೆಂದೂ ಹೇಳುತ್ತೇನೆ. ಜೋರಾಗಿ ಉಸಿರೆಳೆದು ಬಿಟ್ಟು ಮುಳುಗಿದವರು ನೀರಿನೊಳಗೇ ಎಚ್ಚರ ತಪ್ಪುವುದುಂಟು.

ಇಷ್ಟೆಲ್ಲ ಕಲಿಸಿದರೂ ಈಜು ಹಿರಿಯರ ಕಣ್ಣಿಗೆ ಬದಲಿಯಲ್ಲ. ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 38,000 ಮಂದಿ ನೀರಿನಲ್ಲಿ ಮುಳುಗಿ ಸತ್ತರೆಂದು ಸರ್ಕಾರದ ದಾಖಲೆ ಹೇಳುತ್ತದೆ. ಚಿಕ್ಕ ಮಗುವಿಗೆ ಮೈಯ ಅಳತೆಗೆ ತಲೆ ಭಾರ. ಬಗ್ಗಿ ನೋಡಿ ಬಕೆಟ್ಟಿಗೆ ಬಿದ್ದರೆ ಮೇಲೇಳಲಾರದು. ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ. ತೋಟದ ಹೊಂಡಕ್ಕೆ ಬೇಲಿ ಕಟ್ಟಿಸಿ. ಅದರ ನಾಲ್ಕು ಬದಿಗೂ ಗಂಟುಗಂಟಾದ ಹಗ್ಗ ಇಳಿಬಿಟ್ಟು ಗೂಟಕ್ಕೆ ಕಟ್ಟಿ. ಇದಕ್ಕೆ ಆಗುವ ಖರ್ಚು ಅಲ್ಪ. ಆ ಭಾನುವಾರ ಅಂಥದೊಂದು ಹಗ್ಗ ಅಲ್ಲಿರಲಿಲ್ಲ.

ಮುಳುಗುವವರು ಸಿನಿಮಾದಲ್ಲಿರುವಂತೆ ಕೂಗುವುದಿಲ್ಲ. ಉಸಿರೆಳೆಯಲೇ ಬಾಯಿ ಸಾಲದಿರುವಾಗ ಕೂಗುವುದೆಲ್ಲಿಂದ ಬಂತು? ಸದ್ದಿಲ್ಲದೆ, ಕೆಲವೊಮ್ಮೆ ಒಂದು ನಿಮಿಷದೊಳಗೆ ಮುಳುಗುತ್ತಾರೆ. ಗೆಳೆಯ ಮುಳುಗುವುದನ್ನು ಕಂಡ ಮಗು ತಾನು ಹಾರಬಾರದು; ಕೂಗಿ ಹಿರಿಯರನ್ನು ಕರೆಯಬೇಕು, ಹಗ್ಗ, ಗಳ, ಸೀರೆ, ಒಣಗಾಯಿ ಯಾವುದು ಸಿಕ್ಕರೂ ಎಸೆಯಬೇಕು ಅಥವಾ ಚಾಚಬೇಕು. ಮೇಲೆತ್ತಿದವರನ್ನು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ತಪ್ಪು. ಅದರಿಂದ ಅಮೂಲ್ಯವಾದ ಕ್ಷಣಗಳು ಹಾಳು. ಅಂಗಾತ ಮಲಗಿಸಿ, ಉಸಿರಿಲ್ಲದಿದ್ದರೆ ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಬಳಿಕ ಎದೆಯ ನಡುವೆ 30 ಸಲ ಒತ್ತಿ, ಮತ್ತೆ ಎರಡು ಉಸಿರು ಕೊಡುತ್ತ ಹೋಗಬೇಕು. ಇನ್ನೊಬ್ಬರು 108 ಅಥವಾ 112ಕ್ಕೆ ಕರೆಮಾಡಬೇಕು. ಇದನ್ನು ಬಲ್ಲ ವೈದ್ಯರಿಂದಲೋ ದಾದಿಯರಿಂದಲೋ ಒಮ್ಮೆ ಕೈಯಾರೆ ಕಲಿತುಕೊಳ್ಳಿ.

ಈಗಲೂ ಪ್ರತಿವರ್ಷ ರಜೆಗೆ ಮುಂಚಿನ ಕೊನೆಯ ಪಿರಿಯಡ್ಡಿನಲ್ಲಿ ನಾನು ಪಾಠದ ಪುಸ್ತಕ ಮುಚ್ಚಿ ಮಕ್ಕಳನ್ನು ಕೇಳುತ್ತೇನೆ: “ಯಾರಿಗೆ ಈಜು ಬರುತ್ತದೆ?” ಬಹಳ ಕೈಗಳು ಏಳುತ್ತವೆ. “ಯಾರಿಗೆ ನೀರಿನಿಂದ ಹೊರಗೆ ಬರಲು ಬರುತ್ತದೆ?” ಎಂದರೆ ಕೈಗಳು ಒಂದೊಂದಾಗಿ ಇಳಿಯುತ್ತವೆ. ಈ ರಜೆಯಲ್ಲಿ ನಿಮ್ಮ ಮನೆಯ ಮಗುವನ್ನು ಈ ಎರಡನೆಯ ಪ್ರಶ್ನೆ ಕೇಳಿ. ಆಮೇಲೆ ಗುರುವನ್ನು ಹುಡುಕಿ.