ಬೋರ್ಡಿಗೇರಿದ ಸಂಶೋಧನೆ ಊರಿಗೆ ಬಂದಿಲ್ಲ

ಕೃಷಿಯಿರಲಿ, ಭೂವಿಜ್ಞಾನವಿರಲಿ, ಸಮಾಜಶಾಸ್ತ್ರವಿರಲಿ, ಈಗಿನ ವಿಚಾರ ಸಂಕಿರಣ ಎಂದರೆ ಸಭಾಂಗಣದ ಹೊರಗೊಂದು ಪೋಸ್ಟರುಗಳ ಸಾಲು ಇದ್ದೇ ಇರುತ್ತದೆ. ಮೂರಡಿ ಅಗಲ, ನಾಲ್ಕಡಿ ಉದ್ದದ ಹಾಳೆ. ಮೇಲೆ ಶೀರ್ಷಿಕೆ, ಅದರ ಕೆಳಗೆ ಮಾರ್ಗದರ್ಶಕರ ಹೆಸರು, ಎಡಕ್ಕೆ ಪೀಠಿಕೆ, ನಡುವೆ ಕೋಷ್ಟಕ, ಮೂಲೆಯಲ್ಲಿ ಎರೆಹೊಲದಲ್ಲಿ ರೈತರೊಬ್ಬರ ಜೊತೆ ನಿಂತು ತೆಗೆಸಿಕೊಂಡ ಫೋಟೊ. ಪಕ್ಕದಲ್ಲಿ ಕೊರಳಿಗೆ ಬ್ಯಾಡ್ಜ್ ಹಾಕಿಕೊಂಡ ಎಂ.ಎಸ್ಸಿ. ಅಥವಾ ಪಿಎಚ್.ಡಿ. ವಿದ್ಯಾರ್ಥಿ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳು ಇಂಥ ಹಾಳೆಗಳಿಗೆ ಬೇಕಾದಷ್ಟು ಸರಕು ಒದಗಿಸಬಲ್ಲವು: ಮಲಪ್ರಭಾ ಕಾಲುವೆ, ಹಿಂಗಾರಿ ಕಡಲೆ, ಈರುಳ್ಳಿ, ಗುಡ್ಡದ ಮೇಲಿನ ಗಾಳಿಯಂತ್ರ, ಗಜೇಂದ್ರಗಡದ ಪಟ್ಟೆದ ಅಂಚಿನ ಸೀರೆಯ ಮಗ್ಗ. ಆದರೆ ಫೋಟೊದಲ್ಲಿರುವ ಆ ರೈತರು ತಮ್ಮ ಹೊಲದ ಲೆಕ್ಕವಿರುವ ಹಾಳೆಯನ್ನು ನೋಡುವ ಸಂದರ್ಭ ಬರುವುದೇ ಅಪರೂಪ. ಇದು ಬರೀ ಸೌಜನ್ಯದ ಮಾತಾಗಿದ್ದರೆ ಬಿಟ್ಟುಬಿಡಬಹುದಿತ್ತು. ಪೋಸ್ಟರು ಯಾಕೆ ಹುಟ್ಟಿತು ಎಂದು ನೋಡಿದರೆ, ಇದು ಸಂಶೋಧನೆಯ ಒಳಗೇ ಉಳಿದ ಕೊರತೆ ಎಂಬುದು ಗೊತ್ತಾಗುತ್ತದೆ.

ವಿಜ್ಞಾನಿಗಳ ಸಭೆಗಳಿಗೆ ಮೊದಲು ಪೋಸ್ಟರ್ ಬೇಕಿರಲಿಲ್ಲ. 1914ರಲ್ಲಿ ಕೋಲ್ಕತ್ತದಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಮೊದಲ ಅಧಿವೇಶನಕ್ಕೆ ಬಂದವರು 105 ಮಂದಿ, ಮಂಡನೆಯಾದ ಪ್ರಬಂಧಗಳು 35. ಎಲ್ಲರೂ ಓದಬಹುದಿತ್ತು, ಎಲ್ಲರೂ ಕೇಳಬಹುದಿತ್ತು. ಎರಡನೇ ಮಹಾಯುದ್ಧದ ನಂತರ ಸಂಶೋಧಕರ ಸಂಖ್ಯೆ ಬೆಳೆದು, ಒಬ್ಬೊಬ್ಬರಿಗೆ ಹತ್ತು ನಿಮಿಷ ಕೊಟ್ಟರೂ ವೇದಿಕೆ ಸಾಲದಾಯಿತು. 1970ರ ಆಸುಪಾಸಿನಲ್ಲಿ ಯುರೋಪಿನ ಜೀವರಸಾಯನ ವಿಜ್ಞಾನಿಗಳು ಪ್ರಬಂಧವನ್ನು ಬೋರ್ಡಿಗೆ ಅಂಟಿಸಿ ಪಕ್ಕದಲ್ಲಿ ನಿಲ್ಲುವ ರೂಢಿ ತಂದರು. 1974ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನಡೆದ ಜೀವರಸಾಯನ ವಿಜ್ಞಾನಿಗಳ ಸಮ್ಮೇಳನಕ್ಕೂ ಅದು ಬಂತು. ಜಾಗದ ಇಕ್ಕಟ್ಟಿಗೆ ಕಂಡುಕೊಂಡ ಈ ಉಪಾಯದಿಂದ ಯಾರೂ ನಿರೀಕ್ಷಿಸದ ಲಾಭವೊಂದು ಸಿಕ್ಕಿತು. ಭಾಷಣದ ಕೊನೆಗೆ ಉಳಿಯುವ ಎರಡು ನಿಮಿಷದಲ್ಲಿ ಹಿರಿಯರೊಬ್ಬರು ಕೇಳುವ ಔಪಚಾರಿಕ ಪ್ರಶ್ನೆಗೂ, ಹಾಳೆಯ ಮುಂದೆ ನಿಂತು ಕೋಷ್ಟಕದ ಮೂರನೇ ಸಾಲಿಗೆ ಬೆರಳಿಟ್ಟು 'ಇದು ಹ್ಯಾಂಗ ಬಂತು?' ಎಂದು ಕೇಳುವುದಕ್ಕೂ ಬಹಳ ಅಂತರವಿದೆ. ಹೋಗಿಬರುವವರು ತಡೆದು ಕೇಳಲಿ ಎಂದೇ ಇರುವ ಮಂಡನೆ ಇದೊಂದೇ. ಹಾಗಾದರೆ ಆ ದಾರಿಯಲ್ಲಿ ಯಾರು ಹಾದುಹೋಗುತ್ತಾರೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ನಮ್ಮಲ್ಲಿ ಈ ಉದ್ದೇಶ ಸವೆದದ್ದಕ್ಕೆ ಕಾರಣಗಳನ್ನು ದೂರ ಹುಡುಕಬೇಕಿಲ್ಲ. ಪಿಎಚ್.ಡಿ. ಮಹಾಪ್ರಬಂಧ ಸಲ್ಲಿಸುವ ಮೊದಲು ಸಮ್ಮೇಳನಗಳಲ್ಲಿ ಎರಡು ಮಂಡನೆ ಆಗಿರಲೇಬೇಕು ಎಂದು ಯುಜಿಸಿ 2016ರ ನಿಯಮಾವಳಿಯಲ್ಲಿ ಹೇಳಿತು. 2022ರಲ್ಲಿ ಆ ಕಡ್ಡಾಯವನ್ನು ಕೈಬಿಟ್ಟಿತು. ನಿಯಮ ಹೋದರೂ ಅಭ್ಯಾಸ ಹೋಗಲಿಲ್ಲ. ಪ್ರಮಾಣಪತ್ರಕ್ಕಾಗಿ ಹಾಳೆ, ಹಾಳೆಯ ಮುಂದೊಂದು ಸೆಲ್ಫಿ. ಅಷ್ಟರಲ್ಲಿ ಫ್ಲೆಕ್ಸ್ ಅಂಗಡಿಗಳು ಬಂದು ಮುದ್ರಣವೂ ಅಗ್ಗವಾಯಿತು. ಪುಢಾರಿಯ ಹುಟ್ಟುಹಬ್ಬದ ಶುಭಾಶಯ ಮುದ್ರಿಸುವ ಯಂತ್ರದಲ್ಲೇ ಮಣ್ಣಿನ ಲವಣಾಂಶದ ನಕ್ಷೆಯೂ ಚದರಡಿ ಲೆಕ್ಕದಲ್ಲಿ ಹೊರಬರುತ್ತದೆ. ಹೊರದೇಶಗಳ ಸ್ಥಿತಿಯೂ ಏನು ಸುಖವಾಗಿಲ್ಲ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಮೈಕ್ ಮಾರಿಸನ್, 2019ರಲ್ಲಿ ಪೋಸ್ಟರುಗಳನ್ನು ಯಾರೂ ಓದುತ್ತಿಲ್ಲ ಎಂದು ವಿಡಿಯೊ ಮಾಡಿ, ನಡುವೆ ದೊಡ್ಡ ಅಕ್ಷರದಲ್ಲಿ ಸರಳ ಮಾತಿನ ಒಂದೇ ವಾಕ್ಯವಿರುವ ಮಾದರಿಯನ್ನು ಮುಂದಿಟ್ಟರು. ಅದಕ್ಕೆ ಸಿಕ್ಕ ಪ್ರಚಾರ ನೋಡಿದರೆ ಬೇಸರ ಎಲ್ಲ ಕಡೆಯದು.

ವಿಚಿತ್ರವೆಂದರೆ, ಸರಿಯಾದ ಪೋಸ್ಟರನ್ನು ನಮ್ಮ ಶಾಲಾ ಮಕ್ಕಳು ಎಂದೋ ಮಾಡಿ ತೋರಿಸಿದ್ದಾರೆ. 1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಹತ್ತರಿಂದ ಹದಿನೇಳು ವರ್ಷದವರು ತಮ್ಮೂರಿನ ಸಮಸ್ಯೆಯೊಂದನ್ನು ಆರಿಸಿಕೊಂಡು, ಅಳೆದು, ಕೇಳಿ ತಿಳಿದು, ನಾಲ್ಕು ಚಾರ್ಟುಗಳಲ್ಲಿ ಮಂಡಿಸಬೇಕು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಮ್ಮ ರಾಜ್ಯದಲ್ಲಿ ಇದನ್ನು ನಡೆಸಿಕೊಂಡು ಬಂದಿದೆ. ಭಾಷೆ ಮಕ್ಕಳದೇ. ಹಳ್ಳಿಯ ಹೈಸ್ಕೂಲಿನ ಹುಡುಗಿ ಕೆರೆಯ ನೀರಿನ ಬಗ್ಗೆ ಕನ್ನಡದಲ್ಲಿ ಚಾರ್ಟು ಬರೆದು ತೀರ್ಪುಗಾರರಿಗೆ ಪಟಪಟನೆ ಉತ್ತರ ಹೇಳುತ್ತಾಳೆ. ಹತ್ತು ವರ್ಷದ ಮೇಲೆ ಅವಳೇ ಸಂಶೋಧನಾ ವಿದ್ಯಾರ್ಥಿಯಾಗಿ ಅದೇ ಕೆರೆಯ ಬಗ್ಗೆ ಇಂಗ್ಲಿಷ್ ಹಾಳೆಯ ಪಕ್ಕ ನಿಂತಾಗ, ಅವಳ ಊರಿನವರಿಗೆ ಅದರಲ್ಲಿ ಏನಿದೆ ಎಂದು ತಿಳಿಯುವುದಿಲ್ಲ. ಓದು ಹೆಚ್ಚಿದಂತೆ ಕೇಳುವವರ ಬಳಗ ಕಿರಿದಾಯಿತು.

ಊರಿನವರು ಕೇಳಿದರೆ ಸಂಶೋಧನೆಗೆ ಏನು ಲಾಭ ಎಂಬುದಕ್ಕೆ ನರಗುಂದವೇ ಉದಾಹರಣೆ. 2019ರಿಂದೀಚೆಗೆ ಅಲ್ಲಿನ ಹಳೆಯ ಓಣಿಗಳಲ್ಲಿ ಮನೆಯೊಳಗೆ, ರಸ್ತೆ ನಡುವೆ ಇದ್ದಕ್ಕಿದ್ದಂತೆ ನೆಲ ಕುಸಿಯತೊಡಗಿತು. ಅಂತರ್ಜಲ ಮೇಲೇರಿದ್ದು ಒಂದು ಕಾರಣವೆಂದರು. ಇನ್ನೊಂದು ನೆಲದೊಳಗಿನ ಹಗೇವುಗಳು. ಹಗೇವು ಎಂದರೆ ಜೋಳ ಕೂಡಿಡಲು ತೋಡಿದ ನೆಲಮಾಳಿಗೆ. ಬಾಯಿ ಇಕ್ಕಟ್ಟು, ಹೊಟ್ಟೆ ಅಗಲ. ಸುತ್ತ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣಿನಿಂದ ಮೆತ್ತುತ್ತಿದ್ದರು. ತೆರೆದ ಕೂಡಲೇ ಇಳಿದರೆ ಉಸಿರುಗಟ್ಟುತ್ತದೆಂದು ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ಬಳಕೆ ನಿಂತ ಮೇಲೆ ಅವುಗಳ ಮೇಲೆ ಮನೆಗಳೆದ್ದವು. ಭೂವಿಜ್ಞಾನದ ವಿದ್ಯಾರ್ಥಿ ನೀರಿನ ಮಟ್ಟ ಅಳೆಯಬಲ್ಲ, ನೆಲದೊಳಗಿನ ಟೊಳ್ಳನ್ನು ಉಪಕರಣದಿಂದ ಹುಡುಕಬಲ್ಲ. ಯಾರ ಅಜ್ಜನ ಕಾಲದ ಹಗೇವು ಯಾವ ಪಡಸಾಲೆಯ ಕೆಳಗಿತ್ತು ಎಂಬುದು ಮಾತ್ರ ಕಡತಕ್ಕಿಂತ ಓಣಿಯ ಹಿರಿಯರ ನೆನಪಿನಲ್ಲೇ ಸಿಗುವ ಸಂಗತಿ. ಅವನ ನಕ್ಷೆ ನರಗುಂದದ ಪುರಸಭೆಯ ಎದುರು ಒಂದು ವಾರ ನಿಂತರೆ, ಬೆರಳಿಟ್ಟು ತಿದ್ದುವವರು ಅಲ್ಲೇ ಸಿಗುತ್ತಾರೆ. ಲೆಕ್ಕ ಒಂದು ಕಡೆ, ಹೊಲ ಇನ್ನೊಂದು ಕಡೆ ಉಳಿದರೆ ಏನಾಗುತ್ತದೆ ಎಂಬುದನ್ನೂ ಈ ಊರು ಕಂಡಿದೆ. ನೀರು ತಲುಪದ ಹೊಲಕ್ಕೂ ಅಚ್ಚುಕಟ್ಟಿನ ಲೆಕ್ಕದಲ್ಲಿ ಅಭಿವೃದ್ಧಿ ಕರ ಕೇಳಿದ್ದು 1980ರ ಜುಲೈ 21ರ ರೈತ ಬಂಡಾಯದ ಹಿಂದಿದ್ದ ಸಿಟ್ಟುಗಳಲ್ಲೊಂದು.

ಪೋಸ್ಟರನ್ನು ಕನ್ನಡದಲ್ಲಿ ಊರ ಮುಂದೆಯೂ ಇಡಬೇಕು ಎಂಬುದಕ್ಕೆ ಆಕ್ಷೇಪಗಳಿವೆ, ಒಂದೆರಡು ತೂಕದವೂ ಹೌದು. ಸಂಶೋಧನೆ ಜಗತ್ತಿಗೆ ತಲುಪಬೇಕಾದರೆ ಇಂಗ್ಲಿಷ್ ಬೇಕು ಎನ್ನುತ್ತಾರೆ. ಬೇಕು, ಅದು ಇರಲಿ. ಇಲ್ಲಿ ಕೇಳುತ್ತಿರುವುದು ಅದರ ಜೊತೆಗೆ ಕನ್ನಡದಲ್ಲಿ ಎರಡನೆಯ ಹಾಳೆ. ರೈತರಿಗೆ ತಿಳಿಸಲು ಧಾರವಾಡದ ಕೃಷಿ ಮೇಳವಿದೆ, ರೈತ ಸಂಪರ್ಕ ಕೇಂದ್ರಗಳಿವೆ ಎಂಬುದು ಇನ್ನೊಂದು ಮಾತು. ಅಲ್ಲಿ ಸಿಗುವುದು ಹಣ್ಣಾದ ಸಲಹೆ: ಯಾವ ತಳಿ, ಎಷ್ಟು ಗೊಬ್ಬರ. 1978ರಲ್ಲಿ ಬಿಡುಗಡೆಯಾದ ಅಣ್ಣಿಗೇರಿ-1 ಕಡಲೆ ಈ ಭಾಗದ ಹೊಲಗಳನ್ನು ಹೊಕ್ಕದ್ದು ಅಂಥ ದಾರಿಯಲ್ಲೇ. ಪೋಸ್ಟರಿನಲ್ಲಿರುವುದು ಇನ್ನೂ ಕಾಯಿ, ತಿದ್ದಲು ಬರುವಂಥದ್ದು. ಸಲಹೆಯಾಗಿ ಬಂದ ಮೇಲೆ ರೈತರಿಗೆ ಉಳಿಯುವುದು ಒಪ್ಪುವುದು ಇಲ್ಲವೇ ಬಿಡುವುದು. ಕಾಯಿಯನ್ನೇ ಊರ ಮುಂದಿಟ್ಟರೆ ಅನಾಹುತವಾಗದೇ ಎಂಬುದು ಮೂರನೆಯ, ಎಲ್ಲಕ್ಕಿಂತ ಗಟ್ಟಿ ಆಕ್ಷೇಪ. ಆದೀತು. ಪರೀಕ್ಷೆ ಮುಗಿಯದ ಔಷಧದ ಪ್ರಮಾಣವನ್ನು ಬೋರ್ಡಿಗೆ ಹಾಕಿದರೆ ನಾಳೆಯೇ ಯಾರಾದರೂ ಸಿಂಪಡಿಸಿಯಾರು. ಕುಸಿತದ ನಕ್ಷೆಯಲ್ಲಿ ಮನೆ ನಂಬರು ಹಾಕಿದರೆ ಆ ಮನೆಯ ಬೆಲೆ ಬಿದ್ದೀತು. ಅಂಥವನ್ನು ಹೊರಗಿಡಬೇಕು. ಏನು ಅಳೆದೆವು, ಎಲ್ಲಿ ಅಳೆದೆವು, ಯಾವುದು ಇನ್ನೂ ತಿಳಿದಿಲ್ಲ ಎಂಬಿಷ್ಟನ್ನು ಹೇಳಲು ಅಡ್ಡಿಯಿಲ್ಲ.

ಕನ್ನಡದ ಹಾಳೆ ಬರದಿರುವುದಕ್ಕೆ ಮನಸ್ಸಿನ ಜೊತೆಗೆ ಅಂಗಡಿಯದೂ ಒಂದು ಕಾರಣವಿದೆ. ವಿದ್ಯಾರ್ಥಿ ಯುನಿಕೋಡಿನಲ್ಲಿ ಬರೆದ ಕನ್ನಡ, 'ನುಡಿ' ಫಾಂಟಿಗೆ ಒಗ್ಗಿದ ಫ್ಲೆಕ್ಸ್ ಅಂಗಡಿಯ ಹಳೆಯ ತಂತ್ರಾಂಶದಲ್ಲಿ ತೆರೆದಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಇಂಗ್ಲಿಷಿಗೆ ಆ ತಾಪತ್ರಯವಿಲ್ಲ. ಪಿಡಿಎಫ್ ಮಾಡಿ ಒಯ್ದರೆ ಬಹುಮಟ್ಟಿಗೆ ಬಗೆಹರಿಯುತ್ತದೆ. ಖರ್ಚನ್ನು ವಿಭಾಗಗಳು ಸಮ್ಮೇಳನದ ನೋಂದಣಿ ಶುಲ್ಕದ ಜೊತೆಗೇ ಕೊಡಬಹುದು, ಮಾರ್ಗದರ್ಶಕರು ಕನ್ನಡದ ಹಾಳೆಗೂ ಸಹಿ ಹಾಕಬಹುದು. ಕಾಲವೂ ಹೊಂದಿಬರುತ್ತದೆ: ಧಾರವಾಡದ ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಎರೆಭೂಮಿಯ ಕಡಲೆ ಬಿತ್ತನೆ ಅಕ್ಟೋಬರಿನಲ್ಲಿ. ನಡುವಿನ ಆ ವಾರಗಳಲ್ಲಿ ಬೀಜಕ್ಕಾಗಿ ರೋಣ, ನರೇಗಲ್ಲ, ಹೊಳೆಆಲೂರಿನ ರೈತ ಸಂಪರ್ಕ ಕೇಂದ್ರಗಳ ಮುಂದೆ ರೈತರು ಸರದಿಯಲ್ಲಿ ನಿಂತಿರುತ್ತಾರೆ. ನಿಂತು ಓದಲು, ಓದಿ ಜಗಳ ತೆಗೆಯಲು ಅವರಿಗೆ ಹೊತ್ತಿರುತ್ತದೆ.