ಹಳೆಯ ತಂತ್ರಾಂಶದ ಪಾಲನೆ: ಬರವಣಿಗೆಯ ಶಿಸ್ತು ಮತ್ತು ವೇಗದ ಬೆಲೆ

ಆಳಂದ ತಾಲ್ಲೂಕಿನ ನಿಂಬರ್ಗಾ ಹೋಬಳಿಯ ರೈತನು ಬೆಳೆಸಾಲಕ್ಕೆಂದೋ ತೊಗರಿಯ ವಿಮೆಗೆಂದೋ ಪಡೆದುಕೊಳ್ಳುವ ಪಹಣಿಯು ಒಂದು ಹಾಳೆಯಷ್ಟೇ ಆದರೂ, ಅದನ್ನು ಅಚ್ಚುಮಾಡಿ ಕೊಡುವ ತಂತ್ರಾಂಶವು ಹಲವರ ಕೈದಾಟಿ ಬಂದ ಬರವಣಿಗೆಯಾಗಿರುತ್ತದೆ. ಬರೆದವರು ವರ್ಗವಾಗುತ್ತಾರೆ, ನಿವೃತ್ತರಾಗುತ್ತಾರೆ. ಬರೆದುದು ಮಾತ್ರ ನಿಯಮಗಳು ಬದಲಾದಂತೆಲ್ಲ ತಿದ್ದಿಸಿಕೊಳ್ಳುತ್ತ ಉಳಿಯುತ್ತದೆ. ಇಂತಹ ತಂತ್ರಾಂಶದ ಪಾಲನೆಯಲ್ಲಿ ಬರವಣಿಗೆಯ ಶೈಲಿಗೂ ಕಾರ್ಯದ ವೇಗಕ್ಕೂ ಇರುವ ಸಂಬಂಧವೆಂತಹುದೆಂಬುದೇ ಈ ಅಧ್ಯಾಯದ ವಿಚಾರ.

ಕರ್ನಾಟಕದಲ್ಲಿ ಭೂದಾಖಲೆಗಳನ್ನು ಗಣಕಕ್ಕೆ ಏರಿಸುವ ಪ್ರಯೋಗ ಮೊದಲಾದುದು 1991ರಲ್ಲಿ, ಆಳಂದವನ್ನೊಳಗೊಂಡ ಗುಲ್ಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯಲ್ಲಿ. 1996ರ ವೇಳೆಗೆ ಅದು ಎಲ್ಲ ಜಿಲ್ಲೆಗಳಿಗೂ ಮಂಜೂರಾಯಿತಾದರೂ, ತಾಲ್ಲೂಕು ಕಚೇರಿಗಳಲ್ಲಿ ಗಣಕಯಂತ್ರವನ್ನಿಡುವ ಏರ್ಪಾಡು ಇಲ್ಲದ ಕಾರಣ, ಹಳ್ಳಿಯಲ್ಲಿ ಹೊಲ ಕೈಬದಲಾದಂತೆ ದಾಖಲೆಯು ಬದಲಾಗಲಾರದೆ ಹಿಂದುಳಿಯಿತು. ಶತಮಾನದ ತಿರುವಿನಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ಕಂದಾಯ ಇಲಾಖೆಯು ಜಾರಿಗೆ ತಂದ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ದಾಖಲೆಗಳನ್ನು ತಾಲ್ಲೂಕಿನಲ್ಲಿಯೇ ತಿದ್ದುವ ವ್ಯವಸ್ಥೆ ಮಾಡಿತು. ಕಟ್ಟುವುದಕ್ಕಿಂತ ಕಾಪಾಡುವುದು ದೊಡ್ಡದೆಂಬ ಈ ಪಾಠವು ದಾಖಲೆಗೆ ಸಲ್ಲುವಂತೆ ತಂತ್ರಾಂಶಕ್ಕೂ ಸಲ್ಲುತ್ತದೆ.

ಕಲ್ಪಿತವಾದೊಂದು ನಿದರ್ಶನವನ್ನು ನೋಡೋಣ. 3 ಎಕರೆ 17 ಗುಂಟೆಯನ್ನು 3.17 ಎಂದೂ 2 ಎಕರೆ 28 ಗುಂಟೆಯನ್ನು 2.28 ಎಂದೂ ಯಾರೋ ಅವಸರದಲ್ಲಿ ದಶಮಾಂಶವಾಗಿ ಇರಿಸಿದರೆ, ಯಂತ್ರವು ಕ್ಷಣಾರ್ಧದಲ್ಲಿ 5.45 ಎಂದು ಕೂಡಿಸಿಕೊಡುತ್ತದೆ. ಎಕರೆಗೆ 40 ಗುಂಟೆಯಾದ್ದರಿಂದ ಸರಿಯಾದ ಮೊತ್ತ 6 ಎಕರೆ 5 ಗುಂಟೆ. ಮುಂದೆ ಒಬ್ಬನು ಇದನ್ನು ಕೂಡುವಲ್ಲಿ ಸರಿಪಡಿಸಿ, ಮತ್ತೊಬ್ಬನು ಅಚ್ಚಿನಲ್ಲಿ ಸರಿಪಡಿಸಿ, ಮೂರನೆಯವನು ಹಿಸ್ಸೆ ಮಾಡುವಲ್ಲಿ ಬೇರೊಂದು ತೇಪೆ ಹಚ್ಚಿದನೆಂದರೆ ನಿಜವಾದ ಲೆಕ್ಕ ಯಾವುದೆಂದು ಹೇಳಬಲ್ಲವರೇ ಉಳಿಯರು. ಗುಂಟೆಗೆ 16ರಂತೆ ಎಕರೆಗೆ 640 ಆಣೆಯೆಂದು ಹಿಡಿದು, ವಿಸ್ತೀರ್ಣವೆಲ್ಲವನ್ನೂ ಆಣೆಯ ಪೂರ್ಣಾಂಕದಲ್ಲಿಟ್ಟು, 'ಎ1' ಎಂಬ ಗೂಢಾಕ್ಷರಕ್ಕೆ ಬದಲಾಗಿ 'ಒಟ್ಟು ಆಣೆ' ಎಂಬ ಹೆಸರನ್ನು ಕೊಟ್ಟು, ಪರಿವರ್ತನೆಯ ಸೂತ್ರವನ್ನು ಒಂದೇ ಸ್ಥಳದಲ್ಲಿ ಬರೆಯುವುದು ಶಿಸ್ತು. ಇದರಿಂದ ಪ್ರತಿಸಲವೂ ಒಂದೆರಡು ಭಾಗಾಕಾರ ಹೆಚ್ಚುವುದು ನಿಜ. ಆದರೆ ಆ ವಿಳಂಬವನ್ನು ಕೌಂಟರಿನ ಮುಂದೆ ನಿಂತವನು ಅರಿಯಲಾರನು. ಇನ್ನು ಕಂಪೈಲರಿನಿಂದ ಯಂತ್ರಭಾಷೆಗೆ ಇಳಿಯುವ ಕ್ರಮವಿಧಿಗಳಲ್ಲಿ ಉದ್ದದ ಹೆಸರಿನಿಂದ ವೇಗಕ್ಕೆ ಕುಂದೇ ಇಲ್ಲ.

ಹಾಗಾದರೆ ವಿಳಂಬವಾಗುವುದೆಲ್ಲಿ? ಬಹುಮಟ್ಟಿಗೆ ದಾಖಲೆಯನ್ನು ಹುಡುಕುವಲ್ಲಿ, ಇಲ್ಲವೇ ಜಾಲಸಂಪರ್ಕದಲ್ಲಿ. ಗ್ರಾಮ, ಸರ್ವೆ ನಂಬರು, ಹಿಸ್ಸಾಗಳ ಮೇಲೆ ಸೂಚಿಯೊಂದನ್ನು ಕಟ್ಟಿಟ್ಟರೆ ಕೋಟಿ ಸಾಲುಗಳನ್ನು ತಡವದೆ ಕೆಲವೇ ಹೆಜ್ಜೆಗಳಲ್ಲಿ ಬೇಕಾದ ಸಾಲು ದೊರೆಯುತ್ತದೆ. ಪ್ರತಿಯಾಗಿ, ಹೊಸ ಹಿಸ್ಸೆ ಸೇರಿದಾಗಲೆಲ್ಲ ಸೂಚಿಯನ್ನೂ ತಿದ್ದಬೇಕಾಗಿ, ಬರೆಯುವ ಕೆಲಸ ಕೊಂಚ ನಿಧಾನವಾಗುತ್ತದೆ. ಪಹಣಿಯನ್ನು ಕೇಳುವವರು ಬಹುಮಂದಿ, ಹಿಸ್ಸೆ ಮಾಡಿಸುವವರು ಕೆಲವರು. ಆದಕಾರಣ ಈ ವಿನಿಮಯ ಲಾಭಕರ. ಆದರೆ ಪ್ರತಿಯೊಂದು ಅಂಕಣಕ್ಕೂ ಸೂಚಿಯನ್ನು ಕಟ್ಟುತ್ತ ಹೋದರೆ ಲಾಭವೇ ನಷ್ಟವಾಗಿ ಪರಿಣಮಿಸುತ್ತದೆ. ಎಲ್ಲಿ ಎಷ್ಟು ಕಾಲ ವ್ಯಯವಾಗುತ್ತಿದೆಯೆಂದು ಅಳೆದು ನೋಡದೆ, ಊಹೆಯಿಂದ ವೇಗವನ್ನು ಅರಸಹೊರಡುವುದು ಸಲ್ಲದು.

ಪಾಲಕನಿಗೆ ಬೇಕಾದ ಮತ್ತೊಂದು ಸಂಯಮವೆಂದರೆ, ದೋಷವನ್ನು ತಿದ್ದುವ ದಿನವೇ ಇಡೀ ಕಡತದ ಸಾಲುಗಳನ್ನು ತನ್ನ ಅಭಿರುಚಿಗೆ ತಕ್ಕಂತೆ ಒಪ್ಪಮಾಡದಿರುವುದು. ಎರಡನ್ನೂ ಬೆರಸಿದರೆ ಯಾವ ಬದಲಾವಣೆಯಿಂದ ಯಾವ ಫಲವಾಯಿತೆಂಬುದು ತಿಳಿಯದೆ ಹೋಗುತ್ತದೆ. ಹಳೆಯ ಕಡತದಲ್ಲಿ ಹಿಂದಿನವರ ಶೈಲಿಯನ್ನೇ ಅನುಸರಿಸಿ ಬರೆಯುವುದು ಲೇಸು. ಅಳೆದು ನೋಡಿದ ಮೇಲೆ, ವೇಗಕ್ಕಾಗಿ ಸ್ಪಷ್ಟತೆಯನ್ನು ಬಿಟ್ಟುಕೊಡಲೇಬೇಕಾದ ಕಡೆ, ಏತಕ್ಕೆ ಹಾಗೆ ಬರೆಯಲಾಯಿತು, ಎಷ್ಟು ಕಾಲ ಉಳಿಯಿತು ಎಂಬುದನ್ನು ಅಲ್ಲಿಯೇ ಟಿಪ್ಪಣಿಯಾಗಿ ಬರೆದಿಡಬೇಕು. ಇಲ್ಲವಾದರೆ ಮುಂದೆ ಬರುವವನು ಅದನ್ನು ತಪ್ಪೆಂದು ಬಗೆದು ತಿದ್ದಿಯಾನು, ಅಥವಾ ಅಂಜಿ, ತಿದ್ದಬೇಕಾದುದನ್ನೂ ಮುಟ್ಟದೆ ಬಿಟ್ಟಾನು.